ಚುಕ್ಕೆ ಹದ್ದು ಕಾಣಲಿಲ್ಲ

ನಮ್ಮ ಶಾಲೆಯ ವಿಜ್ಞಾನ ಕೊಠಡಿಯಲ್ಲಿ ಒಂದು ಹಳೆಯ ಕಬ್ಬಿಣದ ಬೀರು ಇದೆ. ಮೇಲಿನ ಅರೆಯಲ್ಲಿ ಬೀಕರು, ಪ್ರನಾಳ, ಅಂಚು ಒಡೆದ ಮಸೂರಗಳು. ಕೆಳಗಿನ ಅರೆಯಲ್ಲಿ ಹಾಜರಿ ಪುಸ್ತಕದಷ್ಟು ಉದ್ದದ ಒಂದು ರಿಜಿಸ್ಟರ್. ಅದರ ರಟ್ಟಿನ ಮೇಲೆ 'ಪಕ್ಷಿ ವೀಕ್ಷಣಾ ಪುಸ್ತಕ' ಎಂದು ಬರೆದಿದೆ. ಭಾನುವಾರಗಳಂದು ಮಕ್ಕಳೊಡನೆ ಊರ ಕೆರೆಯ ಏರಿಯ ಮೇಲೆ ನಡೆದು, ಕಂಡ ಹಕ್ಕಿಗಳನ್ನು ಎಣಿಸಿ ಬರೆದಿಟ್ಟ ಪುಸ್ತಕ ಅದು. ಅದರ ಹದಿನೇಳನೆಯ ಪುಟದಲ್ಲಿ ನನ್ನದೇ ಕೈಬರಹದ ಒಂದು ಸಾಲು ಹೀಗಿದೆ: '14-12-2003, ಭಾನುವಾರ, ಬೆಳಿಗ್ಗೆ 7-30. ಕೋಡಿಯ ಹತ್ತಿರ ಕರಿಜಾಲಿ ಮರದಲ್ಲಿ ಚುಕ್ಕೆ ಹದ್ದು. ಸಂಖ್ಯೆ 1.'

ಇಪ್ಪತ್ತೊಂದು ವರ್ಷ ಆ ಸಾಲು ಹಾಗೆಯೇ ಇತ್ತು. ಅದನ್ನು ತಿದ್ದುವ ಧೈರ್ಯ ಬರಲು ನಾನು ರಾಜಸ್ಥಾನದ ಭರತಪುರದವರೆಗೆ ಹೋಗಿಬರಬೇಕಾಯಿತು.

ಚುಕ್ಕೆ ಹದ್ದು ಎಂದರೆ ಪುಸ್ತಕಗಳಲ್ಲಿ ಗ್ರೇಟರ್ ಸ್ಪಾಟೆಡ್ ಈಗಲ್ ಎಂದು ಕರೆಯುವ ಹಕ್ಕಿ. ವೈಜ್ಞಾನಿಕ ಹೆಸರು ಕ್ಲಾಂಗಾ ಕ್ಲಾಂಗಾ. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಎರಡಡಿಗೂ ಮಿಗಿಲು. ರೆಕ್ಕೆ ಬಿಚ್ಚಿದರೆ ಐದಡಿಗೂ ಹೆಚ್ಚು. ಮೈಯೆಲ್ಲ ಕಾಫಿ ಬೀಜದಂಥ ಗಾಢ ಕಂದು. ಮರಿಯಾಗಿದ್ದಾಗ ರೆಕ್ಕೆಯ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿಯ ಚುಕ್ಕೆಗಳಿರುತ್ತವೆ. ತಮಾಷೆಯೆಂದರೆ ಬೆಳೆದಂತೆ ಚುಕ್ಕೆಗಳು ಮಾಯವಾಗುತ್ತವೆ, ಹೆಸರು ಮಾತ್ರ ಉಳಿಯುತ್ತದೆ. ಪೂರ್ವ ಯೂರೋಪಿನಿಂದ ಹಿಡಿದು ರಷ್ಯದ ಪೂರ್ವದ ತುದಿಯವರೆಗಿನ ಜೌಗು ಕಾಡುಗಳಲ್ಲಿ ಗೂಡು ಕಟ್ಟಿ, ಚಳಿಗಾಲಕ್ಕೆ ದಕ್ಷಿಣದ ಕೆರೆ, ಜೌಗುಗಳಿಗೆ ಬರುತ್ತದೆ. ನೀರುಕೋಳಿ, ಕಪ್ಪೆ, ಮೀನು, ಇಲಿ, ಸತ್ತ ಪ್ರಾಣಿ, ಯಾವುದಾದರೂ ಆದೀತು. ಇಡೀ ಜಗತ್ತಿನಲ್ಲಿ ಬೆಳೆದ ಹಕ್ಕಿಗಳು ಹತ್ತು ಸಾವಿರವನ್ನು ಮೀರಲಾರವು ಎಂಬುದು ತಜ್ಞರ ಅಂದಾಜು. ಅಳಿವಿನ ಅಪಾಯಕ್ಕೆ ಒಡ್ಡಿಕೊಂಡ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರಿದೆ.

ಅಂಥ ಹಕ್ಕಿ ನಮ್ಮೂರ ಕೆರೆಗೆ ಬಂದಿತ್ತೆಂದು ನಾನು ಬರೆದಿದ್ದೆ.

ಆ ದಿನ ನನ್ನೊಡನೆ ಎಂಟು ಮಕ್ಕಳಿದ್ದರು. ಎರವಲು ತಂದ ಒಂದೇ ಒಂದು ದುರ್ಬೀನು ನನ್ನ ಕೊರಳಲ್ಲಿತ್ತು. ಜಾಲಿ ಮರದಲ್ಲಿ ಕುಳಿತಿದ್ದ ಕಂದು ಹಕ್ಕಿಯ ರೆಕ್ಕೆಯ ಮೇಲೆ ಮಾಸಲು ಚುಕ್ಕೆಗಳು ಕಂಡವು. ಹಿಂದಿನ ರಾತ್ರಿಯಷ್ಟೇ ಪಕ್ಷಿಗಳ ಪುಸ್ತಕ ತಿರುವಿ ಹಾಕಿದ್ದೆ. "ಚುಕ್ಕೆ ಹದ್ದು! ಸೈಬೀರಿಯದ ಕಡೆಯಿಂದ ಬಂದಿದೆ!" ಎಂದು ಕೂಗಿಯೇ ಬಿಟ್ಟೆ. ಮಕ್ಕಳು ಕುಣಿದಾಡಿದರು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ಕುಣಿಯಲಿಲ್ಲ.

"ಸಾರ್, ಅದು ಹಾರಿದಾಗ ಬಾಲ ಕವಲಾಗಿತ್ತು. ಅದು ನಮ್ಮೂರ ಹದ್ದೇ ಸಾರ್" ಎಂದಳು.

"ನಿನಗೇನು ಗೊತ್ತು? ಪುಸ್ತಕ ನೋಡಿದ್ದೀಯಾ?" ಎಂದೆ. ಉಳಿದ ಮಕ್ಕಳು ನಕ್ಕರು. ಅವಳು ಮತ್ತೆ ಮಾತಾಡಲಿಲ್ಲ.

ಮರುವಾರ ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನವಿತ್ತು. 'ಸೈಬೀರಿಯದಿಂದ ನಮ್ಮೂರಿಗೆ' ಎಂಬ ನಮ್ಮ ಚಾರ್ಟಿಗೆ ಮೊದಲ ಬಹುಮಾನ ಬಂತು. ಬಹುಮಾನವೆಂದರೆ ಒಂದು ದೊಡ್ಡ ಗ್ಲೋಬು. ಅದನ್ನು ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟೆ. ಅದರ ನಂತರದ ಭಾನುವಾರ ಒಬ್ಬನೇ ಕೆರೆಗೆ ಹೋದೆ. ಅದೇ ಜಾಲಿ ಮರದ ಅದೇ ಕೊಂಬೆಯಲ್ಲಿ ಅದೇ ಹಕ್ಕಿ, ಈ ಸಲ ಮೂವತ್ತು ಹೆಜ್ಜೆ ದೂರದಲ್ಲಿ. ನಾನು ನೋಡುತ್ತಿದ್ದಂತೆ ಅದು ರೆಕ್ಕೆ ಬಿಚ್ಚಿ ಹಾರಿತು. ಬಾಲದ ತುದಿ ಮೀನಿನ ಬಾಲದ ಹಾಗೆ ಸ್ಪಷ್ಟವಾಗಿ ಕವಲೊಡೆದಿತ್ತು. ದಿನವೂ ನಮ್ಮ ತಲೆಯ ಮೇಲೆ ಸುತ್ತುವ ಸಾಮಾನ್ಯ ಹದ್ದಿನ, ಇನ್ನೂ ಬೆಳೆಯದ ಮರಿ ಅದು. ಆ ಹದ್ದಿನ ಮರಿಗೂ ಮೈಮೇಲೆ ಮಾಸಲು ಚುಕ್ಕೆ, ಗೆರೆಗಳಿರುತ್ತವೆ ಎಂಬುದನ್ನು ಮನೆಗೆ ಬಂದು ಪುಸ್ತಕದಲ್ಲಿ ಓದಿದೆ. ಹಿಂದಿನ ಸಲ ಓದದೇ ಬಿಟ್ಟಿದ್ದ ಪುಟ ಅದು.

ಪ್ರಯೋಗದ ದಾಖಲೆ ಪುಸ್ತಕದಲ್ಲಿ ತಪ್ಪು ಬರೆದರೆ ಏನು ಮಾಡಬೇಕೆಂದು ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ರಬ್ಬರ್ ಹಾಕಿ ಅಳಿಸಬಾರದು. ಹಳೆಯದು ಓದಲು ಸಿಗುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು, ತಾರೀಖು ಹಾಕಬೇಕು. ಇಷ್ಟು ಸುಲಭದ ಕೆಲಸವನ್ನು ನಾನು ಮಾಡಲಿಲ್ಲ. ಬಹುಮಾನ ಬಂದಾಗಿತ್ತು, ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ಹೊತ್ತಿನಲ್ಲಿ ಹೊಗಳಿಯಾಗಿತ್ತು. ಆ ಹುಡುಗಿ ಆಮೇಲೆ ಭಾನುವಾರಗಳಂದು ಕೆರೆಗೆ ಬರುವುದನ್ನು ನಿಲ್ಲಿಸಿದಳು. ಮನೆಗೆಲಸ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಅಂದಿನಿಂದ ಒಂದು ಹಟ ನನ್ನೊಳಗೆ ಕುಳಿತಿತ್ತು. ಎಲ್ಲಿಯಾದರೂ ಸರಿ, ನಿಜವಾದ ಚುಕ್ಕೆ ಹದ್ದನ್ನು ಒಮ್ಮೆ ನೋಡಿಬಿಟ್ಟರೆ ಸಾಕು, ಹಳೆಯ ಲೆಕ್ಕ ಹೇಗೋ ಸರಿಹೋಗುತ್ತದೆ ಎಂಬ ವಿಚಿತ್ರ ಗಣಿತ! 2025ರ ಜನವರಿಯಲ್ಲಿ ಅಂಥ ಅವಕಾಶ ಬಂತು. ಆಗ್ರಾದಲ್ಲಿ ಕೆಲಸದಲ್ಲಿರುವ ಅಣ್ಣನ ಮಗ ಅಲ್ಲಿ ಮನೆ ಮಾಡಿ, ಗೃಹಪ್ರವೇಶಕ್ಕೆ ಕರೆದಿದ್ದ. ಆಗ್ರಾದಿಂದ ಭರತಪುರ ಸುಮಾರು ಐವತ್ತೈದು ಕಿಲೋಮೀಟರ್. "ತಾಜಮಹಲ್ ನೋಡಲು ಅರ್ಧ ದಿನ, ಹದ್ದು ನೋಡಲು ಎರಡು ದಿನವೇ?" ಎಂದು ಮನೆಯವಳು ಕೇಳಿದಳು. ಕೇಳಿದರೂ ಸ್ವೆಟರಿನ ಮೇಲೊಂದು ಶಾಲು ಹೊದ್ದು ಜೊತೆಗೆ ಹೊರಟಳು.

ಭರತಪುರದ ಪಕ್ಷಿಧಾಮದ ಪೂರ್ತಿ ಹೆಸರು ಕೇವಲಾದೇವ ರಾಷ್ಟ್ರೀಯ ಉದ್ಯಾನ. ಒಳಗಿರುವ ಶಿವನ ಗುಡಿಯಿಂದ ಬಂದ ಹೆಸರು. ವಿಸ್ತೀರ್ಣ ಸುಮಾರು 29 ಚದರ ಕಿಲೋಮೀಟರ್. ತಗ್ಗಾದ ಜಾಗಕ್ಕೆ ಏರಿ ಕಟ್ಟಿ, ಕಾಲುವೆ ತೋಡಿ, ನೀರು ನಿಲ್ಲಿಸಿ ಮಾಡಿದ ಜೌಗು ಅದು. ಒಂದು ರೀತಿಯಲ್ಲಿ ನಮ್ಮ ಕೆರೆಗಳ ದೊಡ್ಡ ಅಣ್ಣ. ಸಂಸ್ಥಾನದ ಕಾಲದಲ್ಲಿ ಅದು ಬಾತುಗಳ ಬೇಟೆಯ ತಾಣವಾಗಿತ್ತು. ಗುಡಿಯ ಹತ್ತಿರದ ಕಲ್ಲಿನ ಮೇಲೆ ಯಾವ ದಿನ, ಯಾರ ಗೌರವಾರ್ಥ, ಎಷ್ಟು ಬಂದೂಕು, ಎಷ್ಟು ಹಕ್ಕಿ ಎಂದು ಕೆತ್ತಿದ್ದಾರೆ. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಕೊಂದರು. ಅದೇ ಜಾಗ 1981ರಲ್ಲಿ ರಾಮ್ಸಾರ್ ಒಪ್ಪಂದದ ಜೌಗು ಪ್ರದೇಶಗಳ ಪಟ್ಟಿಗೂ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಚಳಿಗಾಲದಲ್ಲಿ ಚುಕ್ಕೆ ಹದ್ದನ್ನು ಕಾಣಲು ನಮ್ಮ ದೇಶದಲ್ಲಿ ಹೆಸರಾದ ತಾಣಗಳಲ್ಲಿ ಇದೂ ಒಂದು.

ಒಳಗೆ ಸುತ್ತಲು ಒಂದು ಸೈಕಲ್ ರಿಕ್ಷಾ ಗೊತ್ತುಮಾಡಿದೆವು. ಅಲ್ಲಿಯ ರಿಕ್ಷಾದವರಲ್ಲಿ ಹಲವರು ಹಕ್ಕಿ ಗುರುತಿಸಲು ತರಬೇತಿ ಪಡೆದವರು. ನಮಗೆ ಸಿಕ್ಕವರು ಬಿಳಿಗಡ್ಡದ ಒಬ್ಬ ಸರ್ದಾರ್‌ಜಿ. ಮೂವತ್ತು ವರ್ಷಕ್ಕೂ ಮಿಕ್ಕಿ ಇದೇ ದಾರಿಯಲ್ಲಿ ಪೆಡಲು ತುಳಿದಿದ್ದಾರೆ. ಐದನೆಯ ತರಗತಿಯವರೆಗೆ ಓದಿದ್ದೇನೆ ಎಂದು ಅವರೇ ಹೇಳಿದರು. ನಾನು ಬಿ.ಎಸ್‌ಸಿ., ಬಿ.ಎಡ್. ಎಂದು ಹೇಳಲಿಲ್ಲ, ಮೇಷ್ಟ್ರು ಎಂದಷ್ಟೇ ಹೇಳಿದೆ. ನನ್ನ ಹರಕುಮುರುಕು ಹಿಂದಿಗೆ ಅವರು ನಗಲಿಲ್ಲ.

ಮೊದಲ ದಿನ ಮಂಜು. ಅಂಥ ಮಂಜನ್ನು ನಾನು ಮಡಿಕೇರಿಯಲ್ಲೂ ಕಂಡಿರಲಿಲ್ಲ. ಹತ್ತು ಮಾರು ದೂರದ ಮರ ಕಾಣದು. ಅದರ ಮೇಲಿನ ಹಕ್ಕಿಗಳ ಗಲಾಟೆ ಮಾತ್ರ ಕಿವಿಗೆ ಬೀಳುತ್ತಿತ್ತು. ಹನ್ನೊಂದು ಗಂಟೆಗೆ ಸೂರ್ಯ ಹಳದಿ ಬಟ್ಟಲಿನ ಹಾಗೆ ಮೂಡಿದ ಮೇಲೆ ಒಂದೊಂದೇ ಪರದೆ ಸರಿದಂತೆ ನೀರು, ಏರಿ, ಜಾಲಿ ಮರಗಳು ಹೊರಬಂದವು. ಬಣ್ಣದ ಕೊಕ್ಕರೆಗಳು, ರೆಕ್ಕೆ ಒಣಗಿಸುತ್ತಿದ್ದ ಹಾವಕ್ಕಿಗಳು, ನೀರುಕಾಗೆಗಳು, ನೀರಿನ ತುಂಬ ಬಾತುಗಳು ಮತ್ತು ಹಣೆಗೆ ಬಿಳಿ ನಾಮ ಬಳಿದುಕೊಂಡ ನಾಮದ ಕೋಳಿಗಳು. ದೂರದಲ್ಲಿ ಒಂದು ಜೋಡಿ ಸಾರಸ. ನನ್ನ ಕಣ್ಣು ಮಾತ್ರ ಆಕಾಶದಲ್ಲೇ ಇತ್ತು.

ಸರ್ದಾರ್‌ಜಿ ಅದನ್ನು ಗಮನಿಸಿದರು. "ಆಕಾಶ ನೋಡಬೇಡಿ ಸಾಬ್, ನಾಮದ ಕೋಳಿಗಳನ್ನು ನೋಡಿ. ನಮಗಿಂತ ಮೊದಲು ಅವಕ್ಕೆ ಗೊತ್ತಾಗುತ್ತದೆ" ಎಂದರು. ಹದ್ದು ಮೇಲೆ ಬಂದರೆ ಅಲ್ಲಲ್ಲಿ ಹರಡಿಕೊಂಡ ಕೋಳಿಗಳೆಲ್ಲ ನೀರಿನ ನಡುವೆ ಒಂದೇ ಕರಿ ಮುದ್ದೆಯಾಗಿ ಒತ್ತೊತ್ತಾಗಿ ಸೇರುತ್ತವೆ. ಗುಂಪಿನಿಂದ ಹೊರಗುಳಿದದ್ದೇ ಹದ್ದಿಗೆ ಊಟ. ಆ ದಿನ ಮೂರು ಸಲ ಕೋಳಿಗಳು ಗಾಬರಿಬಿದ್ದವು. ಮೂರು ಸಲವೂ ಬಂದದ್ದು ಮಾರ್ಷ್ ಹ್ಯಾರಿಯರ್ ಎಂಬ ಬೇರೆ ಬೇಟೆಯ ಹಕ್ಕಿ. ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ, ಜೊಂಡಿನ ತುದಿ ಸವರುವಷ್ಟು ಕೆಳಗೆ ತೇಲುತ್ತ ಹೋಗುವುದು ಅದರ ಗುರುತು.

ಮಧ್ಯಾಹ್ನ ಗುಡಿಯ ಹತ್ತಿರ ಕುಳಿತು ಪರಾಠ ತಿನ್ನುವಾಗ, ಇಲ್ಲಿ ಸೈಬೀರಿಯದ ಬಿಳಿ ಕೊಕ್ಕರೆ ಬರುತ್ತಿತ್ತಂತಲ್ಲ ಎಂದು ಕೇಳಿದೆ. ಸೈಬೀರಿಯನ್ ಕ್ರೇನ್ ಎಂಬ ಆ ಹಕ್ಕಿಗಳು 1960ರ ದಶಕದಲ್ಲಿ ಇನ್ನೂರರಷ್ಟು ಬರುತ್ತಿದ್ದವೆಂದು ದಾಖಲೆಯಿದೆ. ಬೇರೆ ಬೇರೆ ದೇಶಗಳ ಮೇಲೆ ಹಾದು ಬರುವ ದೂರದ ದಾರಿಯಲ್ಲಿ ಬೇಟೆ, ಒಣಗಿದ ಜೌಗುಗಳು. ವರ್ಷ ವರ್ಷಕ್ಕೂ ಸಂಖ್ಯೆ ಇಳಿಯುತ್ತ ಬಂತು. 2001-02ರ ಚಳಿಗಾಲದಲ್ಲಿ ಬಂದ ಒಂದು ಜೋಡಿಯೇ ಕೊನೆ.

"ಆ ಜೋಡಿಯನ್ನು ನಾನು ನೋಡಿದ್ದೇನೆ" ಎಂದರು ಸರ್ದಾರ್‌ಜಿ. "ಮರುವರ್ಷ ನವೆಂಬರಿನಿಂದ ದಿನಾ ಹುಡುಕಿದೆವು. ದೂರದಲ್ಲಿ ಬಿಳಿಯದೊಂದು ಕಂಡರೆ ಎದೆ ಹಾರುತ್ತಿತ್ತು. ಹತ್ತಿರ ಹೋದರೆ ಬೆಳ್ಳಕ್ಕಿ, ಇಲ್ಲ ಚಮಚದ ಕೊಕ್ಕಿನವು. ದೂರದಿಂದಲೇ ನೋಡಿ, ಬಂತು ಬಂತು ಎಂದು ಹೇಳುವವರೂ ಇದ್ದರು. ನಾನು ನನ್ನ ಪುಸ್ತಕದಲ್ಲಿ 'ಇಲ್ಲ' ಎಂದೇ ಬರೆದೆ. ಆ ಚಳಿಗಾಲವೆಲ್ಲ ಇಲ್ಲ, ಇಲ್ಲ, ಇಲ್ಲ."

ಅಂಗಿಯ ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದು ತೋರಿಸಿದರು. ಅದು ಈ ವರ್ಷದ್ದು. ಮುಖಪುಟ ಬೆವರಿಗೆ ಮೆತ್ತಗಾಗಿತ್ತು. ಪ್ರತಿ ದಿನಕ್ಕೂ ನಾಲ್ಕೈದು ಸಾಲು. ಕಂಡದ್ದು ಎಷ್ಟೋ, ಕಾಣದ್ದೂ ಅಷ್ಟೇ.

ನನ್ನ ತುತ್ತು ಗಂಟಲಲ್ಲಿ ನಿಂತಿತು. ಆ ಕೊಕ್ಕರೆಗಳು ಬರುವುದು ನಿಂತಿತು ಎಂದು ನಾವು ಇಂದು ಖಚಿತವಾಗಿ ಹೇಳುತ್ತೇವೆ. ಅದು ನಮಗೆ ಹೇಗೆ ಗೊತ್ತು? ಇಂಥ ಎಷ್ಟೋ ಜನ, ಆಸೆಯನ್ನು ಅದುಮಿಟ್ಟು 'ಇಲ್ಲ' ಎಂದು ಬರೆದದ್ದರಿಂದ. ಬೆಳ್ಳಕ್ಕಿಯನ್ನೇ ಕೊಕ್ಕರೆಯೆಂದು ಬರೆದಿದ್ದರೆ ಅದು ಕಾಗದದ ಮೇಲೆ ಇನ್ನೂ ನಾಲ್ಕು ವರ್ಷ ಬದುಕಿರುತ್ತಿತ್ತು. ನನ್ನ ಚುಕ್ಕೆ ಹದ್ದು ಬದುಕಿರುವ ಹಾಗೆ.

ಹಿಂತಿರುಗುವಾಗ ಮನೆಯವಳು ಒಂದು ಪ್ರಶ್ನೆ ಕೇಳಿದಳು: "ಇಷ್ಟು ಹುಲ್ಲಿದೆ, ಎಮ್ಮೆ ಯಾಕೆ ಬಿಡುವುದಿಲ್ಲ?" ಹೈನು ಮಾಡುವ ಮನೆಯಿಂದ ಬಂದವಳು, ಅವಳಿಗೆ ಕಾಣುವುದೇ ಅದು. ಸರ್ದಾರ್‌ಜಿ ಪೆಡಲು ನಿಲ್ಲಿಸಿ ಹಿಂದಿರುಗಿ ನೋಡಿದರು. 1982ರಲ್ಲಿ ಇಲ್ಲಿ ದನ, ಎಮ್ಮೆ ಮೇಯಿಸುವುದನ್ನು ನಿಷೇಧಿಸಿದರು. ಮೇವಿನಿಂದ ಹಕ್ಕಿಗಳಿಗೆ ಕೇಡು ಎಂಬ ಅಭಿಪ್ರಾಯ ಬಲ್ಲವರಲ್ಲಿಯೂ ಇತ್ತು. ಸುತ್ತಲ ಹಳ್ಳಿಯವರು ಪ್ರತಿಭಟಿಸಿದಾಗ ಗೋಲಿಬಾರ್ ಆಗಿ ಸಾವುಗಳೂ ಸಂಭವಿಸಿದವು. ಆದರೆ ಎಮ್ಮೆಗಳು ಹೋದ ಮೇಲೆ ನೀರಿನಲ್ಲಿ ಹುಲ್ಲು ಕಂಡಾಬಟ್ಟೆ ಬೆಳೆದು ಬಾತುಗಳಿಗೆ ಈಜಲು, ಮೀನುಗಳಿಗೆ ಓಡಾಡಲು ಬಯಲು ನೀರೇ ಕಡಿಮೆಯಾಯಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು 1980ರಿಂದ 1990ರವರೆಗೆ ಇಲ್ಲೇ ನಿಂತು ಅಧ್ಯಯನ ಮಾಡಿ, ಎಮ್ಮೆಗಳು ಮೇಯುವುದು ಈ ಜೌಗಿಗೆ ಉಪಕಾರಿಯಾಗಿತ್ತು ಎಂದು ಬರೆದರು. ನಂಬಿದ್ದಕ್ಕೆ ವಿರುದ್ಧವಾದದ್ದು ಕಂಡಾಗ ಅದನ್ನೇ ಬರೆದರು. ಎಮ್ಮೆ ಮೇಯಿಸುತ್ತಿದ್ದವರನ್ನು ಮೊದಲೇ ಕೇಳಿದ್ದರೆ ಅವರೂ ಏನಾದರೂ ಹೇಳುತ್ತಿದ್ದರೇನೋ.

ಎರಡನೆಯ ದಿನ ಮಂಜು ಕಡಿಮೆ. ಬೆಳಗಿನಿಂದ ಸಂಜೆಯವರೆಗೆ ಏರಿಯಿಂದ ಏರಿಗೆ ತಿರುಗಿದೆವು. ನಾಲ್ಕೂವರೆಯ ಹೊತ್ತಿಗೆ, ನಾನು ಆಸೆ ಬಿಟ್ಟಿದ್ದಾಗ, ನಾಮದ ಕೋಳಿಗಳು ಒಮ್ಮೆಲೇ ನೀರಿನ ನಡುವಿಗೆ ಓಡಿ ಮುದ್ದೆಗಟ್ಟಿದವು. ದೊಡ್ಡದೊಂದು ಕರಿಯ ಹಕ್ಕಿ ಅವುಗಳ ಮೇಲೆ ಒಂದು ಸುತ್ತು ಹಾಕಿ, ಪಡುವಣ ದಿಕ್ಕಿನ ಒಣಜಾಲಿಯ ತುದಿಯಲ್ಲಿ ಹೋಗಿ ಕುಳಿತಿತು. ಬಾಲ ಗಿಡ್ಡ, ರೆಕ್ಕೆ ಹಲಗೆಯಂತೆ ಅಗಲ. ಸಾಮಾನ್ಯ ಹದ್ದು ಖಂಡಿತ ಅಲ್ಲ. ಸೂರ್ಯ ಅದರ ಬೆನ್ನ ಹಿಂದೆ ಇದ್ದುದರಿಂದ ಹಕ್ಕಿ ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಬರೀ ಕಪ್ಪಾಗಿ ಕಾಣುತ್ತಿತ್ತು.

"ಅದೇ! ಚುಕ್ಕೆ ಹದ್ದು!" ಎಂದೆ. ಧ್ವನಿ ನಡುಗಿತು.

ಸರ್ದಾರ್‌ಜಿ ತಮ್ಮ ದುರ್ಬೀನು ಎತ್ತಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹೇಗೆ ಗೊತ್ತಾಯಿತು ಸಾಬ್?" ಎಂದರು.

ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ತಮಗೆ ಕಾಣದ ಗುರುತು ನನಗೆ ಕಂಡಿದ್ದರೆ ತಿಳಿದುಕೊಳ್ಳಬೇಕೆಂಬ ಆಸೆಯಿತ್ತು, ಅಷ್ಟೆ. ನಾನು ಬಾಯಿ ತೆರೆದೆ. ಹೇಳಲು ಏನೂ ಇರಲಿಲ್ಲ. ಅವರೇ ಮೆಲ್ಲಗೆ ವಿವರಿಸಿದರು. ಇಲ್ಲಿಗೆ ಸ್ಟೆಪ್ಪಿ ಹದ್ದೂ ಬರುತ್ತದೆ, ಅದೂ ಇಷ್ಟೇ ದೊಡ್ಡದು, ಕಂದು. ಅದರ ಬಾಯಿಯ ಹಳದಿ ಅಂಚು ಕಣ್ಣಿನ ಹಿಂಭಾಗದವರೆಗೂ ಚಾಚಿರುತ್ತದೆ. ಚುಕ್ಕೆ ಹದ್ದಿನದು ಅಷ್ಟು ಉದ್ದವಿಲ್ಲ. ನಮ್ಮ ದೇಶದಲ್ಲೇ ಇರುವ ಇನ್ನೊಂದು ಜಾತಿಯ ಚುಕ್ಕೆ ಹದ್ದೂ ಉಂಟು. ಈ ಬೆಳಕಿನಲ್ಲಿ ಬಾಯಿಯ ಅಂಚು ಕಾಣದು, ರೆಕ್ಕೆಯ ಮೇಲಿನ ಗುರುತು ಕಾಣದು. ಅದು ಹಾರಿ ಈ ಕಡೆ ಬಂದರೆ ಹೇಳಬಹುದು.

ನಲವತ್ತು ನಿಮಿಷ ಕಾದೆವು. ಹಕ್ಕಿ ಎದ್ದಿತು; ಆ ಕಡೆಗೇ ಹಾರಿ ಮರಗಳ ಹಿಂದೆ ಇಳಿದುಹೋಯಿತು. ಮಾರನೆಯ ಬೆಳಿಗ್ಗೆ ನಮ್ಮ ರೈಲು. ಸರ್ದಾರ್‌ಜಿ ಜೇಬಿನ ಪುಸ್ತಕ ತೆಗೆದು ಬರೆಯುತ್ತ, ನನಗೆ ಅರ್ಥವಾಗಲೆಂದು ಓದಿ ಹೇಳಿದರು: "ದೊಡ್ಡ ಹದ್ದು, ಒಂದು. ಯಾವುದೆಂದು ತಿಳಿಯಲಿಲ್ಲ."

"ಚುಕ್ಕೆ ಹದ್ದೇ ಆಗಿರಬಹುದಲ್ಲವೇ?" ಎಂದೆ, ಮಗುವಿನ ಹಾಗೆ.

"ಆಗಿರಬಹುದು. ಹೌದು ಅಂದರೆ ನಿಮಗೆ ಖುಷಿ, ನನಗೂ ನೂರು ರೂಪಾಯಿ ಹೆಚ್ಚು ಸಿಕ್ಕೀತು. ಹದ್ದಿಗೆ ಏನು ಸಿಗುತ್ತದೆ ಸಾಬ್?"

ಹದ್ದಿಗೆ ಏನು ಸಿಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಆಮೇಲೆ ನೆನಪಾಯಿತು. ಬೆಲಾರೂಸ್ ದೇಶದಲ್ಲಿ ಗೂಡು ಕಟ್ಟುವ ಚುಕ್ಕೆ ಹದ್ದುಗಳ ಬೆನ್ನಿಗೆ ವಿಜ್ಞಾನಿಗಳು ಪುಟ್ಟ ಪ್ರೇಷಕ ಯಂತ್ರ ಕಟ್ಟಿದ್ದರು. 2022ರ ವಸಂತದಲ್ಲಿ ಅಂಥ 19 ಹದ್ದುಗಳು ತವರಿಗೆ ಮರಳುವಾಗ ಉಕ್ರೇನಿನಲ್ಲಿ ಯುದ್ಧ ಆರಂಭವಾಗಿತ್ತು. ಅವು ಬಳಸು ದಾರಿ ಹಿಡಿದು ಸರಾಸರಿ 85 ಕಿಲೋಮೀಟರ್ ಹೆಚ್ಚು ಹಾರಿದವು; ನಡುವೆ ಇಳಿದು ದಣಿವಾರಿಸಿಕೊಳ್ಳುವುದನ್ನೂ ಕಡಿಮೆ ಮಾಡಿದವು. 2024ರಲ್ಲಿ ಪ್ರಕಟವಾದ ಸಂಶೋಧನೆ ಇದು. ಹಿಂದಿನ ವರ್ಷಗಳ ಲೆಕ್ಕ ಸರಿಯಾಗಿದ್ದುದರಿಂದಲೇ ಆ ವರ್ಷ ಏನೋ ಕೆಟ್ಟಿದೆ ಎಂದು ತಿಳಿಯಿತು. ಲೆಕ್ಕದಲ್ಲಿ ಒಬ್ಬ ಮೇಷ್ಟ್ರ ಆಸೆ ಸೇರಿಕೊಂಡಿದ್ದರೆ ಹದ್ದಿನ ಕಷ್ಟ ಯಾರಿಗೂ ಕಾಣುತ್ತಿರಲಿಲ್ಲ.

ರೈಲಿನಲ್ಲಿ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಸರ್ದಾರ್‌ಜಿ ಕೇಳಿದ್ದು 'ಹೇಗೆ ಗೊತ್ತಾಯಿತು' ಎಂದು. ನಾನು ಆ ಹುಡುಗಿಯನ್ನು ಕೇಳಿದ್ದು 'ನಿನಗೇನು ಗೊತ್ತು' ಎಂದು.

ಊರಿಗೆ ಬಂದ ಮರುದಿನ ಬೀರು ತೆಗೆದು ಹದಿನೇಳನೆಯ ಪುಟದ ಆ ಸಾಲಿನ ಮೇಲೆ ಒಂದೇ ಗೆರೆ ಎಳೆದೆ. ಪಕ್ಕದಲ್ಲಿ 'ಸಾಮಾನ್ಯ ಹದ್ದು, ಮರಿ. ಅಂದೇ ಒಬ್ಬ ವಿದ್ಯಾರ್ಥಿನಿ ಸರಿಯಾಗಿ ಗುರುತಿಸಿದ್ದಳು' ಎಂದು ಬರೆದು ತಾರೀಖು ಹಾಕಿದೆ. ಎಂಟನೆಯ ತರಗತಿಯ ಮಕ್ಕಳಿಗೆ ಆ ಪುಟ ತೋರಿಸಿ ಇಡೀ ಕಥೆ ಹೇಳಿದೆ. ಗ್ಲೋಬಿನ ಕಥೆಯನ್ನೂ ಹೇಳಿದೆ. ತರಗತಿಯಲ್ಲಿ ಸದ್ದೇ ಇರಲಿಲ್ಲ. ನನ್ನ ಮೇಲಿನ ಗೌರವ ಹೋಯಿತೇನೋ ಎಂದುಕೊಂಡೆ. ಆ ದಿನ ಗಂಟೆ ಹೊಡೆದ ಮೇಲೆ ಮೂವರು ಮಕ್ಕಳು ಬಂದು, ತಮ್ಮ ಪ್ರಯೋಗದ ಪುಸ್ತಕದಲ್ಲಿ ಪಕ್ಕದವರಿಂದ ನೋಡಿ ಬರೆದ ಅಳತೆಗಳನ್ನು ತೋರಿಸಿ, "ಇದನ್ನು ಮತ್ತೆ ಮಾಡುತ್ತೇವೆ ಸಾರ್" ಎಂದರು.

ಅವರಲ್ಲೊಬ್ಬ ಆ ಹುಡುಗಿಯ ಮಗ. ಹೌದು, ಅವಳು ಊರಿನಲ್ಲೇ ಇದ್ದಾಳೆ. ಹಾಲಿನ ಡೇರಿಯ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಫೆಬ್ರವರಿಯ ಪೋಷಕರ ಸಭೆಗೆ ಬಂದಾಗ ಅವಳನ್ನು ಕೊಠಡಿಗೆ ಕರೆದು ರಿಜಿಸ್ಟರ್ ಮುಂದಿಟ್ಟೆ.

"ಅವತ್ತು ನೀನು ಹೇಳಿದ್ದೇ ಸರಿಯಮ್ಮ. ನಾನು ತಪ್ಪು ಹೇಳಿದೆ. ತಪ್ಪು ಎಂದು ಗೊತ್ತಾದ ಮೇಲೂ ಸುಮ್ಮನಿದ್ದೆ" ಎಂದೆ. ಆಮೇಲೆ, ಇಪ್ಪತ್ತೊಂದು ವರ್ಷ ತಡವಾಗಿ, ಕೇಳಬೇಕಾದ್ದನ್ನು ಕೇಳಿದೆ: "ಅದು ಊರ ಹದ್ದು ಅಂತ ನಿನಗೆ ಹೇಗೆ ಗೊತ್ತಾಯಿತು?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಅಯ್ಯೋ ಸಾರ್, ಆ ವಾರವೆಲ್ಲಾ ಅದು ನಮ್ಮನೆ ಕೋಳಿಪಿಳ್ಳೆ ಎತ್ಕೊಂಡು ಹೋಗ್ತಿತ್ತು. ಅಜ್ಜಿ ನನ್ನನ್ನೇ ಕಾವಲಿಗೆ ಕೂರಿಸಿದ್ರು. ನಾಲ್ಕು ದಿನ ಬರೀ ಅದರ ಬಾಲ ನೋಡ್ಕೊಂಡೇ ಕೂತಿದ್ದೆ."

ನಾಲ್ಕು ದಿನ! ನಾನು ನೋಡಿದ್ದು ನಾಲ್ಕು ನಿಮಿಷ. ಆ ಕೆರೆಯ ಏರಿಯ ಮೇಲೆ ಅಂದು ನಿಜವಾದ ವೀಕ್ಷಕಿ ಒಬ್ಬಳೇ ಇದ್ದಳು. ದುರ್ಬೀನು ಮಾತ್ರ ನನ್ನ ಕೊರಳಲ್ಲಿತ್ತು. "ಆಮೇಲೆ ನೀನು ಬರುವುದನ್ನು ಯಾಕೆ ಬಿಟ್ಟೆ?" ಎಂದು ಕೇಳಲು ಹೊರಟವನು ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು. ಅವಳೂ ಆ ಮಾತೆತ್ತಲಿಲ್ಲ. ಪುಟದ ಮೇಲೆ ಬೆರಳಾಡಿಸಿ, 'ಒಬ್ಬ ವಿದ್ಯಾರ್ಥಿನಿ' ಎಂಬಲ್ಲಿ ನಿಲ್ಲಿಸಿ, "ಹೆಸರೇ ಹಾಕಿ ಸಾರ್" ಎಂದಳು. ಹಾಕಿದೆ.

ವಿದ್ಯಾರ್ಥಿ ಮಿತ್ರರೇ, ಹಕ್ಕಿ ನೋಡಲು ದೂರದ ಭರತಪುರಕ್ಕೇ ಹೋಗಬೇಕಾಗಿಲ್ಲ. ಒಂದು ಪುಸ್ತಕ, ಒಂದು ಪೆನ್ಸಿಲ್ ಸಾಕು. ತಾರೀಖು, ಹೊತ್ತು, ಜಾಗ ಬರೆಯಿರಿ. ಮೊದಲು ಕಂಡದ್ದನ್ನು ಬರೆಯಿರಿ: ಬಾಲ ಹೇಗಿತ್ತು, ರೆಕ್ಕೆ ಹೇಗಿತ್ತು, ಬೆಳಕು ಯಾವ ಕಡೆಯಿತ್ತು. ಹೆಸರನ್ನು ಕೊನೆಗೆ ಬರೆಯಿರಿ. ಬಾಲ ಬಿಚ್ಚಿ ಹರಡಿದಾಗ ಊರ ಹದ್ದಿನ ಕವಲೂ ಮಾಯವಾಗುತ್ತದೆ. ಆದ್ದರಿಂದ ಒಂದೇ ನೋಟ ಸಾಲದು. ಹೆಸರು ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ಬರೆಯಿರಿ. ಪೋಷಕರಲ್ಲಿ ನನ್ನದೊಂದು ವಿನಂತಿ: ಮಗು 'ಗೊತ್ತಿಲ್ಲ' ಎಂದಾಗ ಗದರಿಸಬೇಡಿ. ಅದು ನಿಮ್ಮ ಮಾತಿಗೆ, ಮೇಷ್ಟ್ರ ಮಾತಿಗೆ ಎದುರಾಡಿದರೆ, ಬೈಯುವ ಮೊದಲು ಹೇಗೆ ಗೊತ್ತಾಯಿತು ಎಂದೊಮ್ಮೆ ಕೇಳಿ. ಒಮ್ಮೊಮ್ಮೆ ಅದು ನಾಲ್ಕು ದಿನ ಕೋಳಿಪಿಳ್ಳೆ ಕಾದ ಮಗುವಾಗಿರುತ್ತದೆ.

ಚುಕ್ಕೆ ಹದ್ದನ್ನು ನಾನು ಇನ್ನೂ ನೋಡಿಲ್ಲ. ಮೊನ್ನೆ ಭಾನುವಾರ ಕೆರೆಯ ಕೋಡಿಯ ಆಚೆ, ಬಿಸಿಲಿಗೆ ಎದುರಾಗಿ, ದೊಡ್ಡದೊಂದು ಹಕ್ಕಿ ಹಾರಿಹೋಯಿತು. ಮಕ್ಕಳೆಲ್ಲ ನನ್ನ ಮುಖ ನೋಡಿದರು. ನಾನು ದುರ್ಬೀನನ್ನು ಅವಳ ಮಗನ ಕೈಗೆ ಕೊಟ್ಟೆ. ಅವನು ಹಕ್ಕಿ ಕಣ್ಮರೆಯಾಗುವವರೆಗೆ ನೋಡಿ, ರಿಜಿಸ್ಟರನ್ನು ಮಂಡಿಯ ಮೇಲಿಟ್ಟುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದ: 'ದೊಡ್ಡ ಹಕ್ಕಿ, ಕಂದು. ಬಾಲ ಕಾಣಲಿಲ್ಲ. ಯಾವುದೆಂದು ಗೊತ್ತಿಲ್ಲ. ಮುಂದಿನ ವಾರ ಮತ್ತೆ ನೋಡಬೇಕು.'